ಪ್ರತಿ ತಲುಪಿದೆ

ರಂಗಮ್ಮ ಬರುವ ದಿನ ಯಾವುದೆಂದು ಕೌಸಲ್ಯಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಫೋನು ಮಾಡಿ ಬರಹೇಳುತ್ತಿದ್ದವಳೇ ಅವಳು. ಅರ್ಜಿಯ ಮೂರು ಪ್ರತಿ ಪ್ರಿಂಟಾಗಿ ಗಾಜಿನ ಗುಂಡಿನ ಕೆಳಗೆ ಮಲಗಿದವೆಂದರೆ, ಮಾರನೆಯ ದಿನ ಹತ್ತೂವರೆ ಹೊತ್ತಿಗೆ ಕುಣಿಗಲ್ ಬಸ್ಸು ಗೂಳೂರು ದಾಟಿ ಮರಳೂರಿನಲ್ಲಿ ನಿಂತು ಆ ಮುದುಕಿಯನ್ನು ಇಳಿಸುವುದು. ಒಂದು ಪ್ರತಿ ಬೆಂಗಳೂರಿನಲ್ಲಿ ಕೂರುವ ವಕೀಲರ ಶಿಸ್ತು ಸಮಿತಿಗೆ, ಒಂದು ಆಫೀಸಿನ ಕಡತಕ್ಕೆ, ಒಂದು ರಂಗಮ್ಮನಿಗೆ. ಆಫೀಸಿನ ಪ್ರತಿಯ ಮೂಲೆಯಲ್ಲಿ ಕೌಸಲ್ಯಮ್ಮ ಪೆನ್ಸಿಲ್ಲಿನಿಂದ ಸಣ್ಣದೊಂದು ಗೆರೆ ಎಳೆದಿಡುವಳು. ರಂಗಮ್ಮ ಆ ಗೆರೆಯ ಮೇಲೆ ‘ಪ್ರತಿ ತಲುಪಿದೆ’ ಎಂದು ಬರೆದು, ಸಹಿ ಮಾಡಿ, ತಾರೀಕು ವೇಳೆ ಹಾಕಿ, ಒಳಮನೆಯಿಂದ ಬಂದ ಮಜ್ಜಿಗೆ ಕುಡಿದು, ತಿರುಗಿ ಬಸ್ಸು ಹಿಡಿಯುವಳು. ಹನ್ನೊಂದು ತಿಂಗಳಿಂದ ನಡೆದುಬಂದದ್ದು ಇಷ್ಟೇ. ವಿಚಾರಣೆ ಮಾತ್ರ ಇನ್ನೂ ಶುರುವಾಗಿರಲಿಲ್ಲ.

ರಂಗಮ್ಮ ದೂರು ಕೊಟ್ಟದ್ದು ಈ ಆಫೀಸಿರುವ ಮನೆಯ ಯಜಮಾನ, ವಕೀಲ ಚನ್ನಬಸವಯ್ಯನವರ ಮೇಲೆಯೇ. ಒಂದು ಕಾಲಕ್ಕೆ ಅವಳು ಅವರ ಕಕ್ಷಿದಾರಳಾಗಿದ್ದಳು. ಆಗ ಕೂರುತ್ತಿದ್ದ ಬೆಂಚಿನ ಮೇಲೆಯೇ ಈಗಲೂ ಬಂದು ಕೂರುತ್ತಿದ್ದಳು. ಅವರೂ ಅವಳನ್ನು ಏಕವಚನದಲ್ಲಿ ಕರೆದವರಲ್ಲ, ಅವಳೂ ಅವರಿಗೆ ಕೈ ಮುಗಿಯುವುದನ್ನು ಬಿಟ್ಟವಳಲ್ಲ. ನೋಡಿದವರಿಗೆ ಇವರಿಬ್ಬರೂ ಎದುರಾಳಿಗಳೆಂದು ಗೊತ್ತಾಗುವಂತೆಯೇ ಇರಲಿಲ್ಲ.

ಕೌಸಲ್ಯಮ್ಮ ಅಲ್ಲಿ ಟೈಪಿಸ್ಟು. ಗಂಡ ತೀರಿಕೊಂಡ ವರ್ಷ ಚನ್ನಬಸವಯ್ಯನವರು ಸರ್ಟಿಫಿಕೇಟು ಕೂಡ ಕೇಳದೆ, “ನಾಳೆಯಿಂದ ಬನ್ನಿ” ಅಂದಿದ್ದರು. ಅಂದಿನಿಂದ ಇಪ್ಪತ್ತೇಳು ವರ್ಷ ಗುಬ್ಬಿಯಿಂದ ಎಂಟೂ ಇಪ್ಪತ್ತರ ಬಸ್ಸು ಹತ್ತಿದ್ದಾಳೆ. ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂತು, ಕಾರ್ಬನ್ನು ಹೋಗಿ ಪ್ರಿಂಟರು ಬಂತು. ಬಸ್ಸಿನಲ್ಲಿ ಜತೆಗೆ ನಿಲ್ಲುತ್ತಿದ್ದ ಪಾಲಿಟೆಕ್ನಿಕ್ ಮಕ್ಕಳ ಜಾಗದಲ್ಲಿ ಈಗ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯ ಮಾತಾಡುವ ಹುಡುಗರು ನಿಲ್ಲುತ್ತಾರೆ. ಅವಳ ಕೆಲಸ ಅದೇ. ಹೇಳಿದ್ದನ್ನು ಟೈಪ್ ಮಾಡುವುದು, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ. ಅವಳು ಟೈಪ್ ಮಾಡಿದ್ದಕ್ಕೆ ಚನ್ನಬಸವಯ್ಯನವರು ಓದದೆ ಸಹಿ ಹಾಕುತ್ತಿದ್ದರು. ಅದನ್ನು ಅವಳು ಬಹಳ ಕಾಲ ಮರ್ಯಾದೆ ಎಂದೇ ತಿಳಿದಿದ್ದಳು.

ರಂಗಮ್ಮನ ಕೇಸು ಕುಣಿಗಲ್ ಕೋರ್ಟಿನಲ್ಲಿ ತಮ್ಮನ ಮೇಲೆ ಹೂಡಿದ ಪಾಲಿನ ದಾವೆ. ಅಪ್ಪನ ಜಮೀನಿನಲ್ಲಿ ಅವಳಿಗೆ ಬರಬೇಕಾದದ್ದು ಮೂವತ್ತು ಗುಂಟೆ. ಮೊದಲ ದಿನ ಎಲ್ಲ ಕಕ್ಷಿದಾರರಿಂದ ತೆಗೆದುಕೊಂಡಂತೆ ಅವಳಿಂದಲೂ ವಕಾಲತ್ತಿಗೆ ಒಂದು ಸಹಿ, ಜತೆಗೆ ಮೂರು ಖಾಲಿ ಹಾಳೆಗೆ ಮೂರು ಸಹಿ ತೆಗೆದುಕೊಂಡಿದ್ದರು. ಹಳ್ಳಿಯವರು ಬೇಕೆಂದಾಗ ಸಿಗುವುದಿಲ್ಲ, ಸಣ್ಣಪುಟ್ಟ ಮೆಮೊ ಹಾಕಲು ಹಾಳೆ ಕೈಲಿರಲಿ ಅಂತ. ತಪ್ಪೆಂದು ಯಾರಿಗೂ ಅನ್ನಿಸದಷ್ಟು ಹಳೆಯ ವಾಡಿಕೆ ಅದು. ಹೆಬ್ಬೆಟ್ಟು ಒತ್ತಿಸಲು ಕೌಸಲ್ಯಮ್ಮ ಇಂಕ್ ಪ್ಯಾಡು ಮುಂದಿಟ್ಟಾಗ ರಂಗಮ್ಮ ಅದನ್ನು ಪಕ್ಕಕ್ಕೆ ಸರಿಸಿದ್ದಳು. ಐವತ್ತು ದಾಟಿದ ಮೇಲೆ ಸಾಕ್ಷರತೆಯ ಕ್ಲಾಸಿಗೆ ಹೋಗಿ ಕಲಿತ ಸಹಿ. ಅಗಲಗಲ ಅಕ್ಷರ, ಕೊನೆಗೊಂದು ಉದ್ದನೆಯ ಬಾಲ. ಖಾಲಿ ಹಾಳೆಯಲ್ಲಿ ಎಲ್ಲಿ ಹಾಕಬೇಕೆಂದು ತಿಳಿಯದೆ ಒಂದರಲ್ಲಿ ನಟ್ಟನಡುವೆಯೇ ಹಾಕಿಬಿಟ್ಟಿದ್ದಳು.

ಆಮೇಲೊಂದು ಆಷಾಢದ ಬೆಳಿಗ್ಗೆ ಅವಳ ತಮ್ಮ ಆಫೀಸಿಗೆ ಬಂದ. ಅಕ್ಕ ರಾಜಿಗೆ ಒಪ್ಪಿದ್ದಾಳೆ, ಇರುವ ಮನೆ ಅವಳಿಗಿರಲಿ, ಜಮೀನು ಬಿಟ್ಟುಕೊಟ್ಟಿದ್ದಾಳೆ ಅಂದ. ಚನ್ನಬಸವಯ್ಯನವರು ಎರಡು ಸಲ ಫೋನು ಮಾಡಿದರು, ರಂಗಮ್ಮನ ಫೋನು ಸಿಗಲಿಲ್ಲ. ಅಂದೇ ಕುಣಿಗಲ್‌ನಲ್ಲಿ ಕೇಸು. ಮತ್ತೊಂದು ಡೇಟು ತೆಗೆದುಕೊಳ್ಳಲು ಅವರಿಗೂ ಸಾಕಾಗಿತ್ತು. ಕಡತದಿಂದ ಹಾಳೆ ತೆಗೆದುಕೊಟ್ಟು ರಾಜಿ ಅರ್ಜಿ ಹೇಳಿ ಬರೆಸಿದರು. ಮೂರರಲ್ಲಿ ಉಳಿದಿದ್ದದ್ದು ಆ ನಟ್ಟನಡುವಿನ ಸಹಿಯ ಹಾಳೆ. ಇಪ್ಪತ್ತೆರಡು ಸಾಲಿನ ವಿಷಯವನ್ನು ಕೌಸಲ್ಯಮ್ಮ ಅಕ್ಷರ ಕಿರಿದು ಮಾಡಿ, ಅಂಚು ಸರಿಸಿ, ಸಾಲಿಗೆ ಸಾಲು ಒತ್ತಿ ಸಹಿಯ ಮೇಲಿನ ಅರ್ಧ ಪುಟದಲ್ಲಿ ಕೂರಿಸಿದಳು. ‘ಓದಿ ಹೇಳಿಸಿಕೊಂಡು, ಒಪ್ಪಿ, ಸಹಿ ಮಾಡಿರುತ್ತೇನೆ’ ಎಂಬ ಕೊನೆಯ ಸಾಲು ಸಹಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಚನ್ನಬಸವಯ್ಯನವರು ಹಾಳೆಯನ್ನು ಬೆಳಕಿಗೆ ಹಿಡಿದು, “ಅಳತೆಗೆ ಹೊಲಿದ ರವಿಕೆ ಥರ ಕೂತಿದೆ ನೋಡಿ” ಅಂದರು. ಆ ದಿನ ಅವಳಿಗೆ ಹೆಮ್ಮೆಯೇ ಆಗಿತ್ತು.

ರಂಗಮ್ಮ ಒಪ್ಪಿರಲಿಲ್ಲ. ತಮ್ಮ ಟ್ರ್ಯಾಕ್ಟರು ತಂದು ಉಳತೊಡಗಿದಾಗಲೇ ಅವಳಿಗೆ ಸಂಗತಿ ತಿಳಿದದ್ದು. ರಾಜಿ ರದ್ದಾಗಲಿ ಎಂದು ಕುಣಿಗಲ್ ಕೋರ್ಟಿಗೆ ಅರ್ಜಿ ಹಾಕಿದಳು. ಸಹಿ ನಿಮ್ಮದೇ ತಾನೇ, ಮೋಸ ಎನ್ನುವುದಕ್ಕೆ ಏನು ಪುರಾವೆ ಎಂದು ಅಲ್ಲಿ ಕೇಳಿದರು. ವಕೀಲರ ಶಿಸ್ತು ಸಮಿತಿಗೂ ದೂರು ಬರೆದಳು. ಅದಕ್ಕೆ ಚನ್ನಬಸವಯ್ಯನವರ ಉತ್ತರ ಟೈಪ್ ಮಾಡಿದವಳೂ ಕೌಸಲ್ಯಮ್ಮನೇ. ‘ದೂರುದಾರಳು ಖುದ್ದಾಗಿ ಕಚೇರಿಗೆ ಬಂದು, ರಾಜಿಯನ್ನು ಓದಿಸಿ ಕೇಳಿ, ಎದುರಿಗೇ ಸಹಿ ಮಾಡಿರುತ್ತಾಳೆ’ ಎಂಬಲ್ಲಿ ಅವಳ ಬೆರಳು ಒಂದು ಗಳಿಗೆ ನಿಂತಿತ್ತು. ಅಷ್ಟೇ, ನಿಂತು ಮತ್ತೆ ನಡೆಯಿತು.

ಇಂಥ ದೂರನ್ನು ಸಮಿತಿ ಒಂದು ವರ್ಷದೊಳಗೆ ತೀರ್ಮಾನಿಸಬೇಕು, ಆಗದಿದ್ದರೆ ಕಡತ ದೆಹಲಿಯ ಮೇಲಿನ ಸಮಿತಿಗೆ ಹೋಗುತ್ತದೆ. ಇದನ್ನು ಚನ್ನಬಸವಯ್ಯನವರು ಜೂನಿಯರ್ ಶ್ರೀಕರನಿಗೆ ವಿವರಿಸುವಾಗ ಕೌಸಲ್ಯಮ್ಮ ಕೇಳಿಸಿಕೊಂಡಿದ್ದಳು. ದೂರು ತಲುಪಿದ್ದು ಡಿಸೆಂಬರ್ ಎರಡರಂದು. ಎಪ್ಪತ್ತೊಂದರ ಹೆಂಗಸು, ಬೆಂಗಳೂರಿಗೆ ಹೋಗಿಬರಲೇ ಎರಡು ದಿನ ಸುಧಾರಿಸಿಕೊಳ್ಳಬೇಕು, ದೆಹಲಿಗೆ ಹೋಗುತ್ತಾಳೆಯೇ? ಆದ್ದರಿಂದ ಮುಖ್ಯ ವಿಚಾರಣೆ ಶುರುವಾಗುವ ಮೊದಲು ಒಂದೊಂದು ಡೇಟಿಗೆ ಅವರದೊಂದು ಅರ್ಜಿ. ಮೊದಲನೆಯದು, ದೂರಿನ ಜತೆಗಿನ ಪ್ರಮಾಣಪತ್ರ ನಮೂನೆಯಂತಿಲ್ಲ, ವಾಪಸು ಕೊಡಬೇಕು ಅಂತ. ಅದು ಬಿದ್ದುಹೋದ ಮೇಲೆ, ಇದೇ ವಿಷಯ ಕುಣಿಗಲ್ ಕೋರ್ಟಿನಲ್ಲಿದೆ, ಅಲ್ಲಿ ಮುಗಿಯುವವರೆಗೂ ಇಲ್ಲಿ ತಡೆಯಬೇಕು ಅಂತ. ಆಮೇಲೆ, ಸಮಿತಿಯ ಒಬ್ಬ ಸದಸ್ಯರು ಹಿಂದೊಮ್ಮೆ ಮಧುಗಿರಿಯಲ್ಲಿ ತನ್ನ ಎದುರು ವಾದಿಸಿದ್ದರು, ಅವರು ಹಿಂದೆ ಸರಿಯಬೇಕು ಅಂತ. ನಡುವೆ ಒಂದು ಸಲ ಬೆನ್ನುನೋವು. ಯಾವುದೂ ನಿಲ್ಲಲಿಲ್ಲ, ಆದರೆ ಪ್ರತಿಯೊಂದೂ ಒಂದು ಡೇಟು ತಿಂದಿತು. ಇನ್ನೊಂದು ಪಕ್ಷಕ್ಕೆ ಪ್ರತಿ ಕೊಡದೆ, ಉತ್ತರ ಕೇಳದೆ ಅರ್ಜಿಯನ್ನು ತಳ್ಳಿಹಾಕುವ ಹಾಗಿಲ್ಲವಲ್ಲ. ಮೊದಲ ಪ್ರತಿಯನ್ನು ಪೋಸ್ಟಿನಲ್ಲಿ ಕಳಿಸಿದ್ದರು. ‘ಬಾಗಿಲು ಹಾಕಿದೆ’ ಅಂತ ವಾಪಸು ಬಂತು, ಅದಕ್ಕೂ ಒಂದು ಡೇಟು ಹೋಯಿತು. ಅಂದಿನಿಂದ ರಂಗಮ್ಮ ಪೋಸ್ಟು ಬೇಡ, ಫೋನು ಮಾಡಿ, ನಾನೇ ಬಂದು ತಗೊಂಡು ಹೋಗುತ್ತೇನೆ ಅಂದಿದ್ದಳು.

ಅಕ್ಟೋಬರಿನಲ್ಲಿ ಸಮಿತಿಯ ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿದರಂತೆ. ನವೆಂಬರ್ ಹದಿನೆಂಟರಂದು ಉಳಿದ ಅರ್ಜಿಗಳನ್ನೂ ಕೇಳಿ, ಅಂದೇ ಸಾಕ್ಷಿಯನ್ನೂ ಶುರುಮಾಡುವುದು. ಯಾರದೇ ಹೊಸ ಕಾಗದವಿದ್ದರೂ ಮೂರು ದಿನ ಮೊದಲೇ ಎದುರಿನವರ ಕೈಗೆ ತಲುಪಿರಬೇಕು, ತಲುಪದಿದ್ದರೆ ಎದುರಿನವರು ಕಾಲಾವಕಾಶ ಕೇಳಿದಾಗ ಕೊಡಲೇಬೇಕಾಗುತ್ತದೆ. ಹದಿನೆಂಟು ತಪ್ಪಿದರೆ ವರ್ಷ ತುಂಬುವ ಮೊದಲು ಇನ್ನೊಂದು ದಿನ ಇರಲಿಲ್ಲ.

ನವೆಂಬರ್ ಹತ್ತರಂದು ರಂಗಮ್ಮನದೇ ಒಂದು ಅರ್ಜಿ ಪೋಸ್ಟಿನಲ್ಲಿ ಬಂತು. ಗೆರೆ ಹಾಳೆಯ ಮೇಲೆ ಅವಳದೇ ಕೈಬರಹ. ರಾಜಿ ಕಾಗದ ಟೈಪ್ ಮಾಡಿದ ಅಮ್ಮನನ್ನು ಕರೆಸಿ ಕೇಳಬೇಕು, ಅವರು ಸುಳ್ಳು ಹೇಳುವವರಲ್ಲ, ಇಷ್ಟೇ ಅದರಲ್ಲಿ ಇದ್ದದ್ದು. ಚನ್ನಬಸವಯ್ಯನವರು ಓದಿ ಮಡಿಸಿಟ್ಟರು. ಕಿಟಕಿಯ ಕಡೆ ನೋಡುತ್ತಾ ತಕರಾರು ಹೇಳಿ ಬರೆಸತೊಡಗಿದರು. ಸದರಿ ಟೈಪಿಸ್ಟು ವಯೋವೃದ್ಧೆ. ಜ್ಞಾಪಕಶಕ್ತಿ ಕುಂದಿರುತ್ತದೆ. ದಿನಕ್ಕೆ ಹತ್ತಾರು ಕಾಗದ ಟೈಪ್ ಮಾಡುವವರಿಗೆ ಯಾವುದೋ ಒಂದರ ನೆನಪಿರುವುದು ಅಸಾಧ್ಯ. ಅಲ್ಲದೆ ಕಚೇರಿಯ ನೌಕರರು ಕಕ್ಷಿದಾರರ ಗುಟ್ಟನ್ನು ಕಾಯಲು ಬದ್ಧರು.

ಕೌಸಲ್ಯಮ್ಮನ ಬೆರಳು ಈ ಸಲ ನಿಲ್ಲಲೇ ಇಲ್ಲ. ಅದೇ ಅವಳಿಗೆ ಆಮೇಲೆ ಆಶ್ಚರ್ಯವೆನ್ನಿಸಿತು. “ಇದೆಲ್ಲ ಫಾರ್ಮ್ಯಾಟು ಕೌಸಲ್ಯಮ್ಮ, ಮನಸ್ಸಿಗೆ ಹಚ್ಕೋಬೇಡಿ” ಎಂದರು ಅವರು. ಅವಳು ತಲೆಯಾಡಿಸಿ ಮೂರು ಪ್ರತಿ ತೆಗೆದು, ಗಾಜಿನ ಗುಂಡು ಇಟ್ಟು, ಫೋನು ಮಾಡಿದಳು. ಗುಬ್ಬಿಯ ಬಸ್ಸಿನಲ್ಲಿ ಸೀಟು ಸಿಕ್ಕಿತು, ಆದರೂ ನಿಂತು ಬಂದಷ್ಟೇ ಕಾಲು ಸೋತಿತ್ತು.

ಮರುದಿನ ರಂಗಮ್ಮ ಬಂದಾಗ ಚನ್ನಬಸವಯ್ಯನವರು ಕೋರ್ಟಿಗೆ ಹೋಗಿದ್ದರು. ಅವಳು ಪ್ಲಾಸ್ಟಿಕ್ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಎಂದಿನಂತೆ, ಈ ಸತಿ ಏನು ಬರೆದವರೆ, ಓದವ್ವ ಅಂದಳು. ಕೌಸಲ್ಯಮ್ಮ ಓದಿದಳು. ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. ‘ಜ್ಞಾಪಕಶಕ್ತಿ ಕುಂದಿರುತ್ತದೆ’ ಎಂಬಲ್ಲಿಗೆ ಬಂದಾಗ ರಂಗಮ್ಮ ತಡೆದಳು.

“ಯಾರ್ಗೆ, ನಿಂಗಾ?”

“ನನ್ಗೇ.”

“ನೀನೇ ಕುಟ್ಟಿದ್ಯಾ ಇದ್ನ?”

“ನಾನೇ.”

ರಂಗಮ್ಮ ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. “ನಂಗಿಂತ ಎಂಟೊರ್ಸ ಚಿಕ್ಕೋಳು ಕಣವ್ವ ನೀನು. ಹೋಗ್ಲಿ ಬುಡು, ನಿನ್ ಅನ್ನ ಇಲ್ಲೈತೆ,” ಅಂದು ಪೆನ್ನಿಗೆ ಕೈ ಚಾಚಿದಳು. ಪೆನ್ಸಿಲ್ ಗೆರೆಯ ಮೇಲೆ ಅಗಲಗಲ ಅಕ್ಷರದಲ್ಲಿ, ಒಂದೊಂದನ್ನೂ ಬಾಯಲ್ಲಿ ಅನ್ನುತ್ತಾ, ಬರೆಯತೊಡಗಿದಳು.

ಆ ಉದ್ದನೆಯ ಬಾಲ ಹಾಳೆಯ ಮೇಲೆ ಇಳಿಯುವುದನ್ನು ನೋಡುತ್ತಿದ್ದ ಕೌಸಲ್ಯಮ್ಮನಿಗೆ ಎಲ್ಲವೂ ನೆನಪಿತ್ತು. ಆಷಾಢದ ಆ ಬುಧವಾರ, ಎರಡು ಸಲ ಕರೆಂಟು ಹೋದದ್ದು, ರಂಗಮ್ಮನ ತಮ್ಮ ಬಾಗಿಲಲ್ಲೇ ನಿಂತು ಮಾತಾಡಿದ್ದು, ಬೆಂಚು ಖಾಲಿ ಇದ್ದದ್ದು, ಆ ಬಾಲಕ್ಕೆ ತಾಗದಂತೆ ಸಾಲು ನಿಲ್ಲಿಸಲು ತಾನು ಮೊದಲು ಬಿಳಿ ಹಾಳೆಯ ಮೇಲೆ ಎರಡು ಸಲ ಪ್ರಿಂಟು ತೆಗೆದು ಅಳತೆ ನೋಡಿದ್ದು. ಮರೆಯಬೇಕೆಂದರೂ ಮರೆಯುವ ಕೆಲಸವಲ್ಲ ಅದು.

“ಸ್ವಲ್ಪ ಕೂತ್ಕೊಳಿ, ರಂಗಮ್ಮ. ನೀವು ಸಮಿತಿಗೆ ಕೊಡೋ ಕಾಗ್ದ ಒಂದಿದೆ,” ಅಂದಳು.

ತನ್ನದೇ ಮಾತನ್ನು ಟೈಪ್ ಮಾಡುವುದು ಅವಳಿಗೆ ಹೊಸದು. ಹೇಳುವವರಿಲ್ಲದೆ ಮೊದಲ ಸಾಲು ಹೊರಡಲೇ ತಡವಾಯಿತು. ಆಮೇಲೆ ಹೊರಟಿತು. ಒಂದು ಹಾಳೆ ತುಂಬಿ ಎರಡನೆಯದಕ್ಕೆ ಹೋಯಿತು. ಅಕ್ಷರ ಕಿರಿದು ಮಾಡಲಿಲ್ಲ, ಅಂಚು ಸರಿಸಲಿಲ್ಲ. ಮುಗಿದ ಮೇಲೆ ಆ ಪ್ರಮಾಣಪತ್ರವನ್ನು ರಂಗಮ್ಮನಿಗೆ ಓದಿ ಹೇಳಿದಳು. ತಮ್ಮ ಹೇಳಿದ ಸುಳ್ಳನ್ನು ವಕೀಲರು ನಂಬಿದರೆಂಬ ಪ್ಯಾರಾಕ್ಕೆ ಬಂದಾಗ ರಂಗಮ್ಮ, ಅದು ಬೇಕಾ ಅಂದಳು. ಅದೂ ನಡೆದದ್ದೇ ಅಲ್ಲವೇ ಅಂದಳು ಕೌಸಲ್ಯಮ್ಮ. ಇಬ್ಬರೂ ಕೂಡಿ ಮರಳೂರು ಸರ್ಕಲ್ಲಿನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿದ್ದ ನೋಟರಿ ಓಬಳಯ್ಯನವರಲ್ಲಿಗೆ ನಡೆದರು. ಎಷ್ಟೋ ವರ್ಷಗಳ ಪರಿಚಯ, ಬಿಟ್ಟುಹೋಗಿ, ಸೀಲು ಹೊಡೆದಿಟ್ಟಿರುತ್ತೇನೆ ಅಂದರು ಅವರು. ಬೇಡ, ಪ್ರಮಾಣ ಮಾಡಿಸಿ, ಎದುರಿಗೇ ಸಹಿ ಮಾಡುತ್ತೇನೆ ಎಂದು ಕೌಸಲ್ಯಮ್ಮ ನಿಂತೇ ಇದ್ದಳು. ಓಬಳಯ್ಯ ಕನ್ನಡಕ ಹಾಕಿಕೊಂಡು ಓದಿ, ಅವಳನ್ನೊಮ್ಮೆ ನೋಡಿ, ಪ್ರಮಾಣ ಮಾಡಿಸಿ, ಸಹಿ ಹಾಕಿಸಿಕೊಂಡು ಸೀಲು ಒತ್ತಿದರು.

ಇನ್ನು ಉಳಿದದ್ದು ಒಂದೇ, ಅದು ಚನ್ನಬಸವಯ್ಯನವರ ಕೈಗೆ ತಲುಪುವುದು. ರಂಗಮ್ಮನಿಗೆ ಬಸ್‌ಸ್ಟಾಪಿನಲ್ಲಿ ಕಾದಿರಲು ಹೇಳಿ ಅವಳು ಒಬ್ಬಳೇ ಬಂದಳು.

ಮಧ್ಯಾಹ್ನ ಮೂರಕ್ಕೆ ಅವರು ಕೋರ್ಟಿನಿಂದ ಬಂದು ಕೋಟು ಕಳಚಿ ಕೂತರು. ಸಹಿಯಾಗಬೇಕಾದ ಕಾಗದಗಳ ಕಟ್ಟನ್ನು ಅವಳು ಮುಂದಿಟ್ಟಳು. ಫೋನಿನಲ್ಲಿ ಮಾತಾಡುತ್ತಲೇ ಅವರು ಒಂದೊಂದರ ಮೂಲೆ ಎತ್ತಿ ಸಹಿ ಹಾಕುತ್ತಾ ಹೋದರು. ಅವಳ ಕಾಗದ ಐದನೆಯದು. ಅದರ ಮೂಲೆಯಲ್ಲೂ ಪೆನ್ಸಿಲ್ ಗೆರೆಯಿತ್ತು. ಸುಮ್ಮನೆ ನಿಂತಿದ್ದರೆ ಅದಕ್ಕೂ ಸಹಿ ಬಿದ್ದೇ ಬೀಳುತ್ತಿತ್ತು. ಪೆನ್ನಿನ ತುದಿ ಗೆರೆಗೆ ತಾಗುವಷ್ಟರಲ್ಲಿ ಅವಳು ಕಾಗದದ ಮೇಲೆ ಅಂಗೈ ಇಟ್ಟಳು.

“ಓದಿ ಸರ್.”

ಅವರು ಫೋನು ಕೆಳಗಿಟ್ಟರು. “ನೀವು ಟೈಪ್ ಮಾಡಿದ್ದನ್ನ ನಾನ್ಯಾವಾಗ್ ಓದಿದೀನಿ?”

“ಅದಕ್ಕೇ ಹೇಳಿದ್ದು. ಇದನ್ನ ಓದಿ.”

ಓದಿದರು. ಫ್ಯಾನು ತಿರುಗುತ್ತಿತ್ತು, ಹಾಳೆಯ ತುದಿ ಏಳುತ್ತಿತ್ತು, ಅದರ ಮೇಲೆ ಅವಳೇ ಗಾಜಿನ ಗುಂಡು ಇಟ್ಟಳು. ಎರಡನೆಯ ಸಲ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗ ಅವರ ಮುಖಕ್ಕೆ ಒಮ್ಮೆಗೇ ವಯಸ್ಸಾದಂತೆ ಕಂಡಿತು. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಅಕ್ಕ ಒಪ್ಪವ್ಳೆ ಅಂತ ಅವ್ನು ಹೇಳಿದ್ದನ್ನ ನೀವೂ ಕೇಳಿಸ್ಕೊಂಡ್ರಿ.”

“ಕೇಳಿಸ್ಕೊಂಡೆ ಸರ್. ನಾಲ್ಕನೇ ಪ್ಯಾರಾದಲ್ಲಿ ಬರ್ದಿದೀನಿ.”

“ಕಕ್ಷಿದಾರರ ಗುಟ್ಟು ನಾವು ಆಚೆ ಹಾಕೋ ಹಾಗಿಲ್ಲ.”

“ಕಕ್ಷಿದಾರಳು ಅವಳೇ ಅಲ್ವಾ ಸರ್. ಗುಟ್ಟೂ ಅವಳ್ದೇ.”

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ತಾನು ಸಹಿ ಹಾಕದೆ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದರು. ಬೆದರಿಕೆಯಾಗಿ ಅಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ.

“ಪೋಸ್ಟಲ್ಲಿ ಹೋಗ್ಬೇಕಾಗತ್ತೆ. ಬಾಗಿಲು ಹಾಕಿದೆ ಅಂತ ವಾಪಸ್ ಬರತ್ತೆ. ಹದಿನೆಂಟಕ್ಕೆ ನೀವು ಟೈಮ್ ಕೇಳ್ತೀರ, ಫೈಲು ಡೆಲ್ಲಿಗೆ ಹೋಗತ್ತೆ. ಆ ಅರ್ಜೀನೂ ನಾನೇ ಟೈಪ್ ಮಾಡ್ತೀನಿ,” ಅಂದಳು. ಆಮೇಲೆ, “ಸಾಕಾಗಿದೆ ಸರ್,” ಅಂದಳು.

ಒಳಮನೆಯಲ್ಲಿ ಕುಕ್ಕರು ಕೂಗಿ ನಿಂತಿತು.

“ನಂಗೂ,” ಅಂದರು ಚನ್ನಬಸವಯ್ಯನವರು. “ಆದ್ರೆ ಪಾಟಿಸವಾಲು ಮಾಡೇ ಮಾಡ್ತೀನಿ. ಜ್ಞಾಪಕ ಇಲ್ಲ ಅಂತಾನೇ ಕೇಳ್ತೀನಿ.”

“ಕೇಳಿ ಸರ್. ಡೇಟು ಮಾತ್ರ ಕೇಳ್ಬೇಡಿ.”

ಅವರು ಗೆರೆಯ ಮೇಲೆ ‘ಪ್ರತಿ ತಲುಪಿದೆ’ ಎಂದು ಬರೆದರು. ಸಹಿ ಹಾಕಿ, ತಾರೀಕು ಹಾಕಿ, ಅವಳು ಎಲ್ಲರಿಂದಲೂ ಬರೆಸುವಂತೆ ವೇಳೆಯನ್ನೂ ಬರೆದರು. ಮೂರೂ ಇಪ್ಪತ್ತು. ಆಮೇಲೆ ಶ್ರೀಕರನಿಗೆ ಫೋನು ಮಾಡಿ, ಹದಿನೆಂಟಕ್ಕೆ ವಿಚಾರಣೆಗೆ ತಯಾರು ಎಂದು ಸಮಿತಿಗೆ ಬರೆದು ಕಳಿಸು, ಕಾಲಾವಕಾಶದ ಮಾತು ಬೇಡ ಅಂದರು. ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಹೇಳಿದಷ್ಟು ಮಾಡು ಎಂದು ಇಟ್ಟುಬಿಟ್ಟರು.

ಕೌಸಲ್ಯಮ್ಮ ಕಂಪ್ಯೂಟರು ಆರಿಸಿ, ಅದರ ಮೇಲೆ ಹೊದಿಕೆ ಹೊದಿಸಿದಳು. ನಾಳೆ ಬನ್ನಿ ಎಂದಾಗಲಿ ಬೇಡವೆಂದಾಗಲಿ ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಅವರ ದನಿ ಬಂತು.

“ಈ ಸತಿ ಜಾಗ ಸಾಕಾಯ್ತಾ?”

“ಎರಡನೇ ಹಾಳೆ ತಗೊಂಡೆ ಸರ್,” ಅಂದಳು.

ಬಸ್‌ಸ್ಟಾಪಿನಲ್ಲಿ ರಂಗಮ್ಮ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡು ಕುಣಿಗಲ್ ಬಸ್ಸು ಬಿಟ್ಟಿದ್ದಳಂತೆ. ಕೌಸಲ್ಯಮ್ಮ ಕಾಗದ ಕೊಟ್ಟಳು.

“ಹಾಕುದ್ರಾ?”

“ಓದಿ ಹಾಕಿದ್ರು.”

ರಂಗಮ್ಮ ಆ ಮೂಲೆಯ ಬರಹವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿಕೊಂಡಳು. ಕಾಗದವನ್ನು ಮಡಿಸದೆ, ಬುಟ್ಟಿಯ ತಳದಲ್ಲಿದ್ದ ರಟ್ಟಿನ ಫೈಲಿನೊಳಗೆ ಇಟ್ಟಳು. ಅದರಲ್ಲಿ ಹನ್ನೊಂದು ತಿಂಗಳ ಪ್ರತಿಗಳೆಲ್ಲ ಇದ್ದವು, ಎಲ್ಲವೂ ಕೌಸಲ್ಯಮ್ಮನ ಕೈಯವೇ. ಪಕ್ಕಕ್ಕೆ ಸರಿದು ಅವಳಿಗೂ ಜಾಗ ಮಾಡಿದಳು.

“ನಿನ್ ಕೆಲ್ಸ?”

“ಗೊತ್ತಿಲ್ಲ,” ಅಂದಳು ಕೌಸಲ್ಯಮ್ಮ. ಮಂಡಿ ನೋಯುತ್ತಿತ್ತು. ಗುಬ್ಬಿಗೆ ಹೋಗಲು ಅವಳು ಇಲ್ಲಿಂದ ಸಿಟಿ ಬಸ್ಸು ಹಿಡಿಯಬೇಕು, ಅಲ್ಲಿಂದ ಇನ್ನೊಂದು. ಏಳಲು ಮನಸ್ಸಾಗಲಿಲ್ಲ.

ಗೂಳೂರಿನ ಕಡೆಗೆ ಹೋಗುವ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ರಂಗಮ್ಮ ಬುಟ್ಟಿ ಎತ್ತಿಕೊಂಡು ಎದ್ದಳು. ಎರಡು ಹೆಜ್ಜೆ ಇಟ್ಟು ತಿರುಗಿದಳು.

“ಹದ್ನೆಂಟು, ಮಂಗಳ್ವಾರ. ಮರ್ತುಗಿರ್ತೀಯ, ಜ್ಞಾಪ್ಕ ಇಲ್ದೋಳು.”

ಕೌಸಲ್ಯಮ್ಮನಿಗೆ ನಗು ಬಂತು. ನಗುವುದಕ್ಕೂ ಸುಸ್ತಾಗಿತ್ತು, ಆದರೂ ನಕ್ಕಳು. ಬಸ್ಸು ಹೊರಟ ಮೇಲೆ ಕೈಚೀಲದಿಂದ ಪೆನ್ಸಿಲ್ಲು ತೆಗೆದು, ಬಸ್ ಟಿಕೆಟ್ಟಿನ ಹಿಂದೆ ತಾರೀಕು ಬರೆದುಕೊಂಡಳು.